ಎಚ್ಚರವಾದಾಗ ಕುಣಿಯುವ ಪರದೆ

ಲ್ಯಾಪ್‌ಟಾಪ್ ರಿಪೇರಿ ಮಾಡುವ ಆಕೆಯನ್ನು ಬೀದಿಯವರೆಲ್ಲ ‘ಪರದೆಯಕ್ಕ’ ಎಂದೇ ಕರೆಯುತ್ತಿದ್ದರು. ಒಡೆದ ಪರದೆ, ಮಸುಕಾದ ಪರದೆ, ಅರ್ಧ ಮಾತ್ರ ಬೆಳಗುವ ಪರದೆ, ಏನೇ ಇದ್ದರೂ ಹೊಲಿಗೆ ಅಂಗಡಿಯ ಮೇಲಿನ ಆ ಒಂಟಿ ಕೋಣೆಗೆ ಮೆಟ್ಟಿಲು ಹತ್ತಬೇಕು. ಅವಳು ಬೆಳೆದದ್ದು ಸೋದರಮಾವನ ಟಿವಿ ರಿಪೇರಿ ಅಂಗಡಿಯಲ್ಲಿ. ಗೋಡೆ ತುಂಬ ಟಿವಿಗಳು, ಒಂದಕ್ಕೂ ದನಿಯಿಲ್ಲ. ತಲೆನೋವು ಬರುತ್ತದೆಂದು ಮಾವ ಎಲ್ಲದರ ಬಾಯಿ ಮುಚ್ಚಿಸಿದ್ದರು. ಶಾಲೆ ಬಿಟ್ಟು ಬಂದ ಹುಡುಗಿ ಅವುಗಳ ಮುಂದೆ ಕೂತು, ತುಟಿ ಆಡಿಸುವ ಆ ಜನರಿಗೆಲ್ಲ ತನಗೆ ತೋಚಿದ ಮಾತು ಕೊಡುತ್ತಿದ್ದಳು. “ಇವಳು ಕಣ್ಣು ಬಿಟ್ಕೊಂಡೇ ಕನಸು ಕಾಣ್ತಾಳೆ ಕಣೇ,” ಎಂದು ಮಾವ ಅವಳ ಅಮ್ಮನ ಹತ್ತಿರ ನಗುತ್ತಿದ್ದರು. ದೊಡ್ಡವಳಾದ ಮೇಲೂ ಆ ಅಭ್ಯಾಸ ಪೂರ್ತಿ ಬಿಟ್ಟುಹೋಗಿರಲಿಲ್ಲ.

ಒಂದು ಬೆಳಿಗ್ಗೆ ತಾಯಿ ಮಗಳಿಬ್ಬರು ಲ್ಯಾಪ್‌ಟಾಪ್ ಹಿಡಿದು ಮೇಲೆ ಬಂದರು. ತಾಯಿ ಪುಸ್ತಕಗಳಿಗೆ ರಟ್ಟು ಕಟ್ಟುವವರು, ಬೆರಳ ತುದಿಗಳಲ್ಲಿ ಒಣಗಿದ ಗೋಂದು. ಹುಟ್ಟಿನಿಂದಲೂ ಅವರಿಗೆ ಕಿವಿ ಕೇಳಿಸದು. ದೂರದ ಊರಲ್ಲಿರುವ ತಂಗಿಗೂ ಹಾಗೆಯೇ.

“ಇಬ್ಬರ ಮಾತೂ ಕೈಯಲ್ಲೇ ಅಕ್ಕಾ,” ಎಂದಳು ಮಗಳು. “ಫೋನಿನಲ್ಲಿ ಬೆರಳು ಸರಿಯಾಗಿ ಕಾಣಲ್ಲ ಅಂತ ಇದನ್ನ ತಗೊಂಡ್ವಿ. ಈಗ ನೋಡಿದ್ರೆ, ಮುಚ್ಚಿಟ್ಟು ತೆಗೆದಾಗ ಪರದೆ ತುಂಬ ಗೆರೆ ಕುಣಿಯುತ್ತೆ. ಚಿಕ್ಕಮ್ಮ ಕರೆ ಮಾಡಿರ್ತಾರೆ, ಇವರಿಗೆ ಮುಖವೂ ಕಾಣಲ್ಲ, ಕೈಯೂ ಕಾಣಲ್ಲ.”

ತಾಯಿ ಮಗಳ ತೋಳು ಮುಟ್ಟಿ ಸುಮ್ಮನಾಗಿಸಿದರು. ಎರಡೂ ಅಂಗೈ ಪುಸ್ತಕದಂತೆ ಮಡಚಿದರು, ಮೆಲ್ಲಗೆ ತೆರೆದರು, ಹತ್ತೂ ಬೆರಳುಗಳನ್ನು ಗಾಳಿಗೆ ಸಿಕ್ಕ ನೀರಿನ ಮೇಲ್ಮೈಯಂತೆ ಅದುರಿಸಿದರು. ಪರದೆಯಕ್ಕ ಬೆರಗಾಗಿ ನೋಡಿದಳು. ಅವಳ ಕೋಣೆಗೆ ಬಂದ ಯಾವ ಗಿರಾಕಿಯೂ ತೊಂದರೆಯನ್ನು ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಆದರೆ ಅಂಗಡಿಯಲ್ಲಿ ಯಂತ್ರ ಏನೂ ಅರಿಯದ ಕೂಸಿನಂತೆ ನಡೆದುಕೊಂಡಿತು. ಮುಚ್ಚಿ ಮಲಗಿಸಿದಳು, ತೆರೆದು ಎಬ್ಬಿಸಿದಳು, ಪರದೆ ತಿಳಿಯಾಗಿ ಬೆಳಗಿತು. ಮುಚ್ಚಳವನ್ನು ಹಿಂದೆ ಮುಂದೆ ಆಡಿಸಿ, ಒಳಗಿನ ತಂತಿ ಸಡಿಲವಾಗಿದೆಯೇ ಎಂದು ನೋಡಿದಳು. ಗಟ್ಟಿಯಾಗಿತ್ತು. ಪರದೆ ನಡೆಸುವ ಡ್ರೈವರ್ ತಂತ್ರಾಂಶವನ್ನು ಹೊಸದಾಗಿ ಹಾಕಿ ಕಳಿಸಿಕೊಟ್ಟಳು. ಮರುದಿನವೇ ಮಗಳ ಫೋನು: “ಮನೆಗೆ ಬಂದಿದ್ದೇ ತಡ, ಮತ್ತೆ ಶುರು ಹಚ್ಕೊಂಡಿದೆ ಅಕ್ಕಾ.”

ಪರದೆಯಕ್ಕ ಮಾವನಿಗೆ ಫೋನು ಮಾಡಿ ಗೋಳು ತೋಡಿಕೊಂಡಳು.

“ಅಂಗಡೀಲಿ ಸರಿ, ಮನೇಲಿ ತಪ್ಪು ಅಂದ್ರೆ, ಅಲ್ಲಿ ಕೂತು ತಲೆ ಕೆಡಿಸ್ಕೊಂಡು ಏನು ಪ್ರಯೋಜನ? ಮನೆಗೆ ಹೋಗಿ ನೋಡು ತಾಯಿ,” ಎಂದರು ಮಾವ.

ಹೋದಳು. ಮಗಳು ಬಾಗಿಲು ತೆರೆದು, “ಸಂಜೆ ಬರ್ತೀನಿ, ಅಮ್ಮ ಇರ್ತಾರೆ,” ಎಂದು ಕೆಲಸಕ್ಕೆ ಓಡಿದಳು. ಕಿಟಕಿಯ ಪಕ್ಕ ಉದ್ದನೆಯ ಮೇಜು. ಅದರ ಮೇಲೆ ಹಾಳೆಗಳ ಕಟ್ಟು, ನೂಲಿನ ಉಂಡೆ, ತಿರುಪು ಬಿಗಿದು ಪುಸ್ತಕ ಅದುಮುವ ಮರದ ಒತ್ತುಮಣೆ. ಮೇಜಿನ ಒಂದು ಮೂಲೆಯಲ್ಲಿ ಲ್ಯಾಪ್‌ಟಾಪ್. ಪರದೆಯಕ್ಕ ಅದನ್ನು ಮಲಗಿಸಿ ಎಬ್ಬಿಸಿದಳು. ಏನೂ ಆಗಲಿಲ್ಲ. ಹೆಚ್ಚು ಹೊತ್ತು ಮಲಗಿದರೆ ಮಾತ್ರ ಹೀಗಾಗುತ್ತದೇನೋ ಎಂದು ಮುಚ್ಚಿಟ್ಟು, ಕುರ್ಚಿ ಎಳೆದುಕೊಂಡು ಕಾದಳು.

ಆ ಮನೆಯಲ್ಲಿ ಗೋಡೆ ಗಡಿಯಾರವೂ ಇರಲಿಲ್ಲ. ಸೂಜಿ ಹಾಳೆಯನ್ನು ದಾಟುವ ಸದ್ದು, ನೂಲು ಸುರ್ರೆಂದು ಹಿಂದೆ ಬರುವ ಸದ್ದು, ಅಷ್ಟೇ. ಕಿಟಕಿಯ ಪರದೆ ಬಟ್ಟೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಗೋಂದಿನ ಬೆಚ್ಚನೆಯ ವಾಸನೆ. ಪರದೆಯಕ್ಕನ ರೆಪ್ಪೆ ಭಾರವಾಯಿತು. ಮಾವನ ಅಂಗಡಿಯ ಗೋಡೆ ಕಂಡಿತು. ಪ್ರತಿ ಟಿವಿಯೊಳಗೂ ಬರೀ ಕೈಗಳು, ಮಡಚುತ್ತ, ತೆರೆಯುತ್ತ, ಏನೋ ಮುಖ್ಯವಾದದ್ದನ್ನು ನಿಧಾನವಾಗಿ ಹೇಳುತ್ತಿದ್ದವು. ಇನ್ನೇನು ಅರ್ಥವಾಗಬೇಕು ಅನ್ನುವಷ್ಟರಲ್ಲಿ ಎಚ್ಚರವಾಯಿತು.

ಮೈಮೇಲೆ ಯಾರೋ ಶಾಲು ಹೊದಿಸಿದ್ದರು. ಬಿಸಿಲು ಗೋಡೆಯ ಆ ಬದಿಗೆ ಸರಿದಿತ್ತು. ನಾಚಿಕೆಯಿಂದ ಗಡಬಡಿಸಿ ಲ್ಯಾಪ್‌ಟಾಪ್ ತೆರೆದಳು.

ಹಸಿರು, ನೇರಳೆ, ಬೆಳ್ಳಿಯ ಬಣ್ಣ. ಗೆರೆಗಳು ಅಡ್ಡಡ್ಡ ಹರಿದು, ಕೂಡಿ, ಮತ್ತೆ ಚದುರಿದವು. ಅರೆನಿದ್ದೆಯ ಅವಳಿಗೆ ಕನಸು ಇನ್ನೂ ಮುಗಿದಿಲ್ಲವೇನೋ ಅನ್ನಿಸಿತು. ಸರಿಪಡಿಸಲು ಬಂದವಳು ಸರಿಪಡಿಸುವುದನ್ನೇ ಮರೆತು ನೋಡುತ್ತ ಕೂತುಬಿಟ್ಟಳು. ಆಮೇಲೆ ಮೇಜಿನ ಮೇಲೆ ಅಚ್ಚುಕಟ್ಟಾಗಿ ಸುತ್ತಿಟ್ಟಿದ್ದ ಚಾರ್ಜರ್ ತಂತಿ ಕಣ್ಣಿಗೆ ಬಿತ್ತು. ತಾನು ನಿದ್ದೆ ಹೋಗುವ ಮುಂಚೆ ಅದು ಯಂತ್ರಕ್ಕೆ ಚುಚ್ಚಿಕೊಂಡೇ ಇತ್ತಲ್ಲ!

ಇದನ್ನು ತೆಗೆದವರು ಯಾರು ಎಂದು ಕೈಯಲ್ಲೇ ಕೇಳಿದಳು. ತಾಯಿ ತಮ್ಮ ಎದೆ ಮುಟ್ಟಿಕೊಂಡರು. ಲ್ಯಾಪ್‌ಟಾಪ್ ತೋರಿಸಿ, ಕೆನ್ನೆಗೆ ಅಂಗೈ ಕೊಟ್ಟು ಕಣ್ಣು ಮುಚ್ಚಿದರು; ತುತ್ತು ಬಾಯಿಗಿಡುವಂತೆ ಮಾಡಿ, ಬೇಡವೆಂದು ಕೈ ಆಡಿಸಿದರು. ಮಲಗಿದವರಿಗೆ ಯಾರಾದರೂ ಊಟ ಬಡಿಸುತ್ತಾರೆಯೇ? ಪರದೆಯಕ್ಕನಿಗೆ ನಗು ತಡೆಯಲಾಗಲಿಲ್ಲ.

ಗುಟ್ಟು ಅಲ್ಲೇ ಇತ್ತು. ಚಾರ್ಜರ್ ಇದ್ದಾಗ ಆ ಪರದೆ ಚಿತ್ರವನ್ನು ಸೆಕೆಂಡಿಗೆ ಹತ್ತಾರು ಬಾರಿ ಬೇಗ ಬೇಗ ಹೊಸದಾಗಿ ಮೂಡಿಸುತ್ತದೆ, ಬ್ಯಾಟರಿಗೆ ಬಂದರೆ ಉಳಿತಾಯಕ್ಕೆಂದು ನಿಧಾನವಾಗುತ್ತದೆ. ಒಂದು ವೇಗದಲ್ಲಿ ಮಲಗಿದ್ದನ್ನು ಇನ್ನೊಂದು ವೇಗದಲ್ಲಿ ಎಬ್ಬಿಸಿದರೆ ಅದಕ್ಕೆ ದಿಕ್ಕು ತಪ್ಪುತ್ತಿತ್ತು. ಅಂಗಡಿಯಲ್ಲಿ ಅವಳು ಚಾರ್ಜರ್ ತಂತಿ ತೆಗೆದೇ ಇರಲಿಲ್ಲ. ತಾನೇ ವೇಗ ಬದಲಿಸುವ ಆ ಏರ್ಪಾಟನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಿದಳು. ಯಂತ್ರ ಮುಚ್ಚಿ, ತಾಯಿಯ ಕೈಯಿಂದಲೇ ತಂತಿ ತೆಗೆಸಿ, ತೆರೆಸಿದಳು. ಪರದೆ ತಿಳಿಯಾಗಿತ್ತು. ಮತ್ತೆ ಮಾಡಿಸಿದಳು. ಆಗಲೂ ತಿಳಿ.

ಮಗಳು ಮನೆಗೆ ಬರುವ ಹೊತ್ತಿಗೆ ತಂಗಿಯ ಕರೆ ಬಂದಿತ್ತು. ಅಕ್ಕತಂಗಿಯರ ಕೈಗಳು ಎರಡೂ ಕಡೆಯಿಂದ ಹಾರಾಡುತ್ತಿದ್ದವು. ಒಬ್ಬರು ಮುಗಿಸುವ ಮುಂಚೆ ಇನ್ನೊಬ್ಬರು ಬಾಯಿ, ಅಲ್ಲ, ಕೈ ಹಾಕುತ್ತಿದ್ದರು. ನಡುವೆ ಇಬ್ಬರೂ ಪರದೆಯಕ್ಕನತ್ತ ನೋಡಿ, ಎರಡು ಬೆರಳಿಂದ ರೆಪ್ಪೆ ಮುಚ್ಚಿ ತೆರೆಯುವಂತೆ ಮಾಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು.

“ಏನಂತೆ?” ಎಂದು ಮಗಳನ್ನು ಕೇಳಿದಳು.

“ನಿಮಗೊಂದು ಹೆಸರಿಟ್ರು. ಕೆಲಸಕ್ಕೆ ಬಂದು ನಿದ್ದೆ ಹೊಡೆದವಳು ಅಂತ.”

“ಬೇರೆ ಹೆಸರು ಸಿಗ್ಲಿಲ್ವಾ ಇವರಿಗೆ?”

“ಇಟ್ಟಾಯ್ತು ಬಿಡಿ ಅಕ್ಕಾ, ಇನ್ನು ಬದಲಾಯಿಸಲ್ಲ.”

ಆಮೇಲೆ ಬಿಡುವಿದ್ದ ಮಧ್ಯಾಹ್ನಗಳಲ್ಲಿ ಪರದೆಯಕ್ಕ ಆ ಮನೆಗೆ ಹೋಗತೊಡಗಿದಳು. ರಿಪೇರಿಯ ನೆಪವೂ ಬೇಕಾಗುತ್ತಿರಲಿಲ್ಲ. ನೂಲಿಗೆ ಮೇಣ ಸವರುತ್ತ ಒಂದೊಂದೇ ಮಾತು ಕಲಿತಳು: ನೀರು, ನಾಳೆ, ಸಾಕು, ಕೂತ್ಕೋ. ತಪ್ಪಿದಾಗ ತಾಯಿ ಅವಳ ಬೆರಳು ಹಿಡಿದು, ಹಾಳೆಯ ಅಂಚು ಸರಿಮಾಡುವಂತೆ ಸರಿಮಾಡುತ್ತಿದ್ದರು.

ಒಂದು ದಿನ ಯಾರ ಸಹಾಯವೂ ಇಲ್ಲದೆ, ಪರದೆಯಾಚೆಯ ತಂಗಿಗೆ ಅವಳು ಮೊದಲ ಪೂರ್ತಿ ವಾಕ್ಯ ಹೇಳಿದಳು: ನಿಮ್ಮಲ್ಲಿ ಮಳೆಯಾ? ತಂಗಿ ತಮ್ಮ ಲ್ಯಾಪ್‌ಟಾಪ್ ಎತ್ತಿ ಕಿಟಕಿಗೆ ತಿರುಗಿಸಿದರು. ಒದ್ದೆ ಬೀದಿ, ಕೊಡೆ ಹಿಡಿದು ಹೋಗುವ ಜನ, ನೀರಿನಲ್ಲಿ ಉದ್ದವಾಗಿ ಚಾಚಿಕೊಂಡ ದೀಪಗಳು. ತಾಯಿ ಸೂಜಿ ಕೆಳಗಿಟ್ಟು ಪಕ್ಕಕ್ಕೆ ಬಂದು ಕೂತರು. ಇಬ್ಬರೂ ಸದ್ದಿಲ್ಲದ ಆ ಮಳೆಯನ್ನು ತುಂಬ ಹೊತ್ತು ನೋಡಿದರು.