ಹೊಗಳುವವರಲ್ಲಿ ನಾಲ್ಕು ಬಗೆ

ನಮ್ಮ ಇಂಗ್ಲಿಷ್ ಮೇಷ್ಟ್ರ ಮೂಗಿನ ಎಡ ಹೊಳ್ಳೆ ಬಲದ್ದಕ್ಕಿಂತ ಕೊಂಚ ಅಗಲ. ಯಾರಾದರೂ ಯಾರನ್ನಾದರೂ ಎದುರೆದುರೇ ಹೊಗಳತೊಡಗಿದರೆ ಸಾಕು, ಬೀರುವಿನ ಹಿಂದೆ ಇಲಿ ಸತ್ತ ವಾಸನೆ ಬಂದವರ ಹಾಗೆ ಅದನ್ನು ಅರಳಿಸುತ್ತಿದ್ದರು. ಆ ಹೊಳ್ಳೆಗೆ ಹೆದರಿ ನಾವು ‘ಪಾಠ ಚೆನ್ನಾಗಿತ್ತು ಸಾರ್’ ಅಂತಲೂ ಹೇಳುತ್ತಿರಲಿಲ್ಲ.

ಹಂಗಳದಿಂದ ದಿನಾ ಬಸ್ಸಿನಲ್ಲಿ ಗುಂಡ್ಲುಪೇಟೆಯ ನಮ್ಮ ಖಾಸಗಿ ಕಾಲೇಜಿಗೆ ಬರುತ್ತಿದ್ದರು. ಒಮ್ಮೆ ಇಡೀ ತರಗತಿಯನ್ನು ಬಸ್ ನಿಲ್ದಾಣಕ್ಕೆ ನಡೆಸಿಕೊಂಡು ಹೋಗಿ, ಯಾವನೋ ಮುಖಂಡನ ಹುಟ್ಟುಹಬ್ಬದ ಫ್ಲೆಕ್ಸ್ ಮುಂದೆ ನಿಲ್ಲಿಸಿದರು. ಕೆಳಗೆ ‘ಶುಭ ಕೋರುವವರು’ ಎಂದು ಮೂವತ್ತು ನಲವತ್ತು ಪುಟಾಣಿ ಫೋಟೊಗಳು, ಎಲ್ಲರದ್ದೂ ಕೈ ಮುಗಿದ ಭಂಗಿ.

“ಬರೀ ಬಾಯ್ಮಾತ್ನಲ್ಲಿ ಬೆಣ್ಣೆ ಅಚ್ಚೋನು ಫ್ಲ್ಯಾಟರರ್. ಏನಾರ ಸಿಕ್ತದೆ ಅಂತ ಬೆನ್ನಿಂದೆನೇ ತಿರ್ಗೋನು ಸೈಕೋಫ್ಯಾಂಟ್. ಧಣಿ ಉಗುದ್ರೂ ಪ್ರಸಾದ ಅನ್ನೋನು ಲಿಕ್‌ಸ್ಪಿಟಲ್. ಇವ್ರು ತಮ್ ಮಾನ ಕಳ್ಕತರೆ, ಅಷ್ಟೇಯ. ಟೋಡಿ ಅಂತ ಒಬ್ನವ್ನೆ ಕಣ್ರಪ್ಪ. ಧಣಿ ಕಣ್ಸನ್ನೆ ಮಾಡುದ್ರೆ ಇನ್ನೊಬ್ರ ಕುತ್ಗೆನೂ ಕೂಯ್ತನೆ.”

ಫೋಟೊದಲ್ಲಿದ್ದ ಒಬ್ಬಾತ ಪಕ್ಕದ ಬೀಡಾ ಅಂಗಡಿಯಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ. ಮೇಷ್ಟ್ರು ದನಿ ತಗ್ಗಿಸಲಿಲ್ಲ.

ಆಮೇಲೆ ನಾನು ಅದೇ ಕಾಲೇಜಿಗೆ ತಾತ್ಕಾಲಿಕ ಉಪನ್ಯಾಸಕನಾಗಿ, ಅವರ ಕೈಕೆಳಗೇ ಸೇರಿದೆ. ಕೆಲಸ ಕಾಯಂ ಆಗಬೇಕಿತ್ತು. ಆಡಳಿತ ಮಂಡಳಿಯ ಅಧ್ಯಕ್ಷರ ಹುಟ್ಟುಹಬ್ಬದ ಫ್ಲೆಕ್ಸಿಗೆ ನಾನೇ ಓಡಿಹೋಗಿ ಫೋಟೊ ಕೊಟ್ಟು ಬಂದೆ. ಅವತ್ತು ಅಧ್ಯಕ್ಷರ ಮೇಲೆ ಚೆಂಡುಹೂ ಎರಚಲು ಮಕ್ಕಳನ್ನು ಬಿಸಿಲಲ್ಲಿ ಸಾಲು ನಿಲ್ಲಿಸಬೇಕೆಂಬ ಅಪ್ಪಣೆಯಿತ್ತು. ಮೇಷ್ಟ್ರು ತಮ್ಮ ತರಗತಿಯನ್ನು ಹೊರಗೆ ಬಿಡಲೇ ಇಲ್ಲ.

ಮರುವಾರ ಅಧ್ಯಕ್ಷರು ನನ್ನನ್ನು ಕರೆಸಿ, ಟೈಪಾಗಿ ಸಿದ್ಧವಿದ್ದ ಒಂದು ದೂರನ್ನು ಮುಂದಿಟ್ಟರು. ಮೇಷ್ಟ್ರು ಪಾಠ ಮಾಡುವುದಿಲ್ಲ, ಮಕ್ಕಳಿಗೆ ದೊಡ್ಡವರ ನಿಂದನೆ ಕಲಿಸುತ್ತಾರೆ ಅಂತ. ಹಲ್ಕಿರಿದುಕೊಂಡು ಸಹಿ ಹಾಕಿದೆ. ಮೇಷ್ಟ್ರು ಕೆಲಸ ಕಳೆದುಕೊಂಡು ಮನೆಗೆ ಹೋದರು, ಅವರ ಕುರ್ಚಿ ನನಗೆ ಬಂತು. ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೇ ವಾಕರಿಕೆ ಬರುತ್ತದೆ.

ಈ ವರ್ಷ ಮೇಷ್ಟ್ರು ಹಾಸಿಗೆ ಹಿಡಿದರು ಎಂದು ಕೇಳಿ ಹೋದೆ. ಕಾಲು ಹಿಡಿದುಕೊಂಡೆ. ಕೊಡವಿಕೊಂಡರು.

“ನನ್ ಕಾಲಿಡ್ಕಂಡ್ರೆ ಏನಪ್ಪ ಬಂತು? ಸೈನ್ ಆಕಿದ್ದು ಅಲ್ಲಿ. ಅಲ್ಲೇ ಓಗಿ ಸುಳ್ಳು ಅಂತ ಯೋಳು. ನಾನಿರೋವಾಗ್ಲೇ ಯೋಳ್ಬುಡು.”

“ಆಗ್ಲಿ ಸಾರ್” ಅಂದೆ. ಪರೀಕ್ಷೆ ಮುಗಿಯಲಿ ಅಂದುಕೊಂಡೆ, ಫಲಿತಾಂಶ ಬರಲಿ ಅಂದುಕೊಂಡೆ. ಅಷ್ಟರಲ್ಲಿ ಅವರು ತೀರಿಕೊಂಡರು.

ಕಾಲೇಜಿನ ಸಂತಾಪ ಸಭೆಯಲ್ಲಿ ಅಧ್ಯಕ್ಷರು ಕರವಸ್ತ್ರ ತೆಗೆದು, ಇಂಥ ಗುರುಗಳು ಮತ್ತೆ ಹುಟ್ಟುವುದಿಲ್ಲ ಎಂದರು. ಕೇಳಲಾಗಲಿಲ್ಲ. ಎದ್ದು ನಿಂತು, ದೂರು ಸುಳ್ಳು, ಬರೆಸಿದವರು ಇವರು, ಸಹಿ ನನ್ನದು ಎಂದುಬಿಟ್ಟೆ. ಕೆಲಸ ಹೋಯಿತೆಂದು ಆ ಕ್ಷಣವೇ ಗೊತ್ತಾಯಿತು.

ಮುಂದಿನ ಸಾಲಿನಲ್ಲಿ ಕೂತಿದ್ದ ಮೇಷ್ಟ್ರ ಹೆಂಡತಿ ನಿಧಾನವಾಗಿ ನನ್ನ ಕಡೆ ತಿರುಗಿದರು.

“ನೀನು ಬಂದೋದಾಗ್ಲಿಂದ ದೂರು ಸುಳ್ಳು ಅಂತ ಕಾಲೇಜಿಂದ ಕಾಗ್ದ ಬತ್ತದೆ ಅಂತ ದಿನಾ ಬಾಗ್ಲು ನೋಡ್ತಿದ್ರು ಕಣಪ್ಪ,” ಅಂದರು.