ಅಪ್ಪ ಮಾಡದ ಆಣೆ

ಸುಳ್ಳು ಹೇಳಿದರೆ ನಾಲಿಗೆ ಮೇಲೆ ಹುಣ್ಣಾಗುತ್ತದೆ ಎಂದು ಅವ್ವ ಹೇಳುತ್ತಿದ್ದಳು. ನನಗೆ ಏನೂ ಆಗಲಿಲ್ಲ. ಅಪ್ಪನ ಮುಖ ನೋಡಿಕೊಂಡೇ ಸುಳ್ಳು ಹೇಳಿ, ಪುಂಡಿಪಲ್ಲೆ ಹಚ್ಚಿಕೊಂಡು ಎರಡು ರೊಟ್ಟಿ ತಿಂದು, ಕೊಡ ಎತ್ತಿಕೊಂಡು ನೀರಿಗೆ ಹೋದೆ. ಆಗ ನನಗೆ ಹದಿನೆಂಟು ವರ್ಷ. ಬುದ್ಧಿ ಬಂದಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ವಯಸ್ಸಲ್ಲ.

ನಮ್ಮೂರು ತುರ್ವಿಹಾಳಕ್ಕೂ ಬಳಗಾನೂರಿಗೂ ನಡುವೆ ಇದೆ. ಕಾಲುವೆ ಬಂದು ಹತ್ತು ವರ್ಷ ದಾಟಿತ್ತು. ಜೋಳ ಬೆಳೆಯುತ್ತಿದ್ದ ಎರೆಹೊಲಗಳಲ್ಲಿ ಭತ್ತ ನಿಂತಿತ್ತು, ಜನರ ಮಾತೆಲ್ಲ ನೀರಿನ ಸರದಿಯ ಸುತ್ತಲೇ ತಿರುಗುತ್ತಿತ್ತು. ಅಪ್ಪ ನಮ್ಮ ಉಪಕಾಲುವೆಯ ನೀರಗಂಟಿ. ಯಾವ ದಿನ ಯಾವ ಗೇಟು ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದು ಅವನ ಕೆಲಸ. ನಮ್ಮ ಕೇರಿಯವರ ಬೊಗಸೆಗೆ ಮೇಲಿಂದ ನೀರು ಹುಯ್ಯುತ್ತಿದ್ದ ಊರು ಅದು. ಈಗ ಊರಿನ ಹೊಲಗಳಿಗೆ ನೀರು ಅಪ್ಪನ ಕೈಯಿಂದ ಹೋಗಬೇಕಿತ್ತು. ಇದನ್ನು ಅಪ್ಪ ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಗೇಟು ತಿರುಗಿಸುವ ಕಬ್ಬಿಣದ ಹ್ಯಾಂಡಲ್ಲನ್ನು ಹೆಗಲ ಮೇಲೆ ಇಟ್ಟುಕೊಂಡು ಅವನು ಊರ ನಡುವಿನ ದಾರಿಯಲ್ಲಿಯೇ ಹೋಗುತ್ತಿದ್ದ. ಸುತ್ತು ದಾರಿ ಹಿಡಿದದ್ದನ್ನು ನಾನು ಕಾಣೆ.

ನಾನು ಸಣ್ಣವಳಿದ್ದಾಗ ಅಪ್ಪ ಕೆಲವು ವರ್ಷ ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಮೇಲೆ ದುಡಿದಿದ್ದ. ಅಲ್ಲಿಯ ಗೆಳೆಯರ ಜೊತೆ ಬುದ್ಧನ ದೀಕ್ಷೆ ತೆಗೆದುಕೊಂಡು ಬಂದ. ಕೊಲ್ಲಬಾರದು, ಕದಿಯಬಾರದು, ನಡತೆ ಕೆಡಬಾರದು, ಸುಳ್ಳಾಡಬಾರದು, ಕುಡಿಯಬಾರದು ಎಂಬ ಐದು ಮಾತು. ಕುಡಿಯುವುದನ್ನು ಬಿಟ್ಟದ್ದಕ್ಕೆ ಸೇಂದಿ ಅಂಗಡಿಯವನೊಬ್ಬನೇ ಬೇಜಾರು ಮಾಡಿಕೊಂಡ. ಸುಳ್ಳು ಬಿಟ್ಟದ್ದಕ್ಕೆ ಊರಿಗೆ ಊರೇ ನಕ್ಕಿತು, ಹರಿಶ್ಚಂದ್ರ ಎಂದು ಹೆಸರಿಟ್ಟಿತು. ಎಮ್ಮೆಯ ವಯಸ್ಸು ಕೇಳಬೇಕಾದರೂ ನಮ್ಮ ಮನೆಗೆ ಬರುತ್ತಿದ್ದರು, ಸಂತೆಗೆ ಅದನ್ನು ಮಾರಲು ಮಾತ್ರ ಅವನನ್ನು ಕರೆಯುತ್ತಿರಲಿಲ್ಲ. ಅವ್ವ ದೀಕ್ಷೆಯನ್ನು ಗಂಡನ ಮಾತಿಗೆ ಒಪ್ಪಿಕೊಂಡವಳು. ತನ್ನ ಹಳೆಯ ದೇವರನ್ನು ಗೋಡೆಯ ಗೂಡಿನಲ್ಲಿ, ಕುಂಕುಮದ ಬಟ್ಟಲ ಹಿಂದೆ ಇಟ್ಟುಕೊಂಡಿದ್ದಳು. ಅಪ್ಪನಿಗೆ ಅದು ಗೊತ್ತಿತ್ತು. ಕೇಳುತ್ತಿರಲಿಲ್ಲ.

ಆ ವರ್ಷ ಮೊದಲ ಬೆಳೆ ಕೊಯ್ದು, ಭತ್ತದ ಕಟ್ಟುಗಳನ್ನು, ಸಿವುಡುಗಳನ್ನು ಹೊಲದಲ್ಲೇ ಒಣಗಲು ಹಾಕಿದ್ದರು. ಕಾಲುವೆಯ ಕೊನೆಯಲ್ಲಿ ಎರಡನೇ ಬೆಳೆಗೆ ಸಸಿಮಡಿ ಬಿಟ್ಟಿದ್ದರು. ಮಸ್ಕಿಯ ಸೋದರತ್ತೆಗೆ ಮೈಯಲ್ಲಿ ಸರಿಯಿಲ್ಲ ಎಂದು ಸುದ್ದಿ ಬಂದು ಅಪ್ಪ ಮಧ್ಯಾಹ್ನದ ಬಸ್ಸಿಗೆ ಹೋದ. ಹ್ಯಾಂಡಲ್ಲು ಮನೆಯ ಮೂಲೆಯಲ್ಲಿ ಇತ್ತು. ಅಪ್ಪ ಹೋದ ಸ್ವಲ್ಪ ಹೊತ್ತಿಗೆ ಕುರುಬರ ಹೆಂಗಸೊಬ್ಬಳು ಬಂದಳು. ಗಂಡ ಸತ್ತವಳು, ಕೊನೆಯ ಎರಡು ಎಕರೆಯನ್ನು ಪಾಲಿಗೆ ಮಾಡುತ್ತಿದ್ದಳು. ಅವಳ ಸಸಿ ಹಳದಿ ತಿರುಗಿತ್ತು, ಸರದಿ ಇನ್ನೂ ಐದು ದಿನ ದೂರ. ಕೈಯಲ್ಲಿ ಒಂದು ಹಿಡಿ ಸಸಿ ಕಿತ್ತು ತಂದಿದ್ದಳು, ನನ್ನ ಮುಂದೆ ಹಿಡಿದಳು. ಒಂದು ತಾಸು ನೀರು ಬಿಟ್ಟರೆ ಬದುಕುತ್ತವೆ ಎಂದಳು. ಹೊಲದ ಧಣಿಗೆ ಗೊತ್ತಾದರೆ ಪಾಲು ಬಿಡಿಸುತ್ತಾನೆ, ನನ್ನ ಹೆಸರು ಹೇಳಬೇಡ ಎಂದೂ ಅಂದಳು. ನಾನು ಮಾತು ಕೊಟ್ಟೆ. ನನಗೆ ಹೆಮ್ಮೆಯಾಗಿತ್ತು, ಅದನ್ನು ಯಾಕೆ ಮುಚ್ಚಿಡಲಿ. ಅಪ್ಪನ ಹಾಗೆ ಹ್ಯಾಂಡಲ್ಲು ಹೆಗಲಿಗಿಟ್ಟು ಹೋದೆ.

ನಾಲ್ಕು ಸುತ್ತು ತೆರೆದೆ. ಒಂದು ತಾಸಿನ ಮೇಲೆ ನಾಲ್ಕು ಸುತ್ತು ಮುಚ್ಚಿದೆ. ಲೆಕ್ಕ ಸರಿಯಾಗಿತ್ತು. ಆದರೆ ಅಪ್ಪ ಎಂದೂ ಸುತ್ತುಗಳನ್ನು ನಂಬುತ್ತಿರಲಿಲ್ಲ. ಮುಚ್ಚಿದ ಮೇಲೆ ಮೆಟ್ಟಿಲಿಳಿದು, ತೋಳು ನೀರಿಗಿಟ್ಟು, ಗೇಟಿನ ಕೆಳ ಅಂಚನ್ನು ಅಂಗೈಯಿಂದ ಸವರಿ ನೋಡುತ್ತಿದ್ದ. ಜೇಕು ಹುಲ್ಲಿನ ಗಡ್ಡೆ ಸಿಕ್ಕಿಕೊಂಡರೆ ಹಲಗೆ ಕುಳಿತುಕೊಳ್ಳುವುದಿಲ್ಲ, ನೀರು ಕೆಳಗಿನಿಂದ ಹೋಗುತ್ತಲೇ ಇರುತ್ತದೆ. ನಾನು ಇಳಿಯಲಿಲ್ಲ. ಸೀರೆ ತೊಯ್ಯುತ್ತದೆ ಎಂದು ಮನೆಗೆ ಬಂದೆ.

ಬೆಳಿಗ್ಗೆ ಮೊದಲ ಬಸ್ಸಿಗೆ ಅಪ್ಪ ಬರುವಷ್ಟರಲ್ಲಿ ಅದೇ ಗೇಟಿನ ಕೆಳಗಿದ್ದ ಧಣಿಯ ನಾಲ್ಕು ಎಕರೆ ಸಿವುಡು ನೀರಿನಲ್ಲಿ ಮಲಗಿತ್ತು. ಆ ಹೆಂಗಸಿಗೆ ಎರಡು ಎಕರೆ ಪಾಲಿಗೆ ಕೊಟ್ಟವನೇ ಈ ಧಣಿ. ಅಪ್ಪ ನೆಟ್ಟಗೆ ಗೇಟಿಗೆ ಹೋಗಿ ಜೇಕು ಕಿತ್ತು, ಮುಚ್ಚಿ, ಆಮೇಲೆ ಮನೆಗೆ ಬಂದ. ತೋಳಿನಿಂದ ಇನ್ನೂ ನೀರು ಇಳಿಯುತ್ತಿತ್ತು. ಯಾರಾದರೂ ಗೇಟು ಮುಟ್ಟಿದ್ದಿರೇನು ಎಂದು ಒಂದೇ ಸಲ ಕೇಳಿದ. ಅವ್ವ ಇಲ್ಲವೆಂದಳು, ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ಆ ಮಧ್ಯಾಹ್ನ ಕೂಲಿಗೆ ಹೋಗಿದ್ದಳು. ನಾನೂ ಇಲ್ಲವೆಂದೆ. ಕೊಟ್ಟ ಮಾತಿತ್ತಲ್ಲ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಆ ಕ್ಷಣದಲ್ಲಿ ಮಾತೂ ನೆನಪಾಗಲಿಲ್ಲ, ಹೆಂಗಸೂ ನೆನಪಾಗಲಿಲ್ಲ. ಅಪ್ಪನ ಮುಖ ಕಂಡು ಬಾಯಿ ತಾನಾಗಿ ಇಲ್ಲವೆಂದಿತು.

ಅಪ್ಪ ಅದನ್ನು ನಂಬಿದ. ಸಂಜೆ ಊರ ಹಿರಿಯರ ಮುಂದೆ ನಿಂತು, ನಾನು ಮುಟ್ಟಿಲ್ಲ, ನನ್ನ ಮನೆಯವರು ಮುಟ್ಟಿಲ್ಲ ಎಂದ. ಅರ್ಧ ಅವನ ಸತ್ಯ, ಅರ್ಧ ನನ್ನ ಸುಳ್ಳು. ಎರಡನ್ನೂ ಒಂದೇ ದನಿಯಲ್ಲಿ ಹೇಳಿದ.

ಧಣಿ ಒಪ್ಪಲಿಲ್ಲ. ಹ್ಯಾಂಡಲ್ಲು ಇವನ ಮನೆಯಲ್ಲಿ ಇರುವಾಗ ಗೇಟು ತೆರೆಯಲು ದೆವ್ವ ಬಂತೇ ಎಂದು ಕೇಳಿದ. ಕೇಳುವುದರಲ್ಲಿ ತಪ್ಪಿರಲಿಲ್ಲ. ನೀರಾವರಿ ಇಲಾಖೆಯ ಸಾಹೇಬರು ಊರವರೇ ತೀರ್ಮಾನ ಮಾಡಲಿ, ಊರು ಬೇಡವೆಂದರೆ ಬೇರೆಯವನನ್ನು ಇಡುತ್ತೇನೆ ಎಂದು ಹೇಳಿ ಜೀಪು ಹತ್ತಿದ್ದರು. ಕೊನೆಗೆ ಹಿರಿಯರಲ್ಲಿ ಎಲ್ಲರಿಗಿಂತ ವಯಸ್ಸಾದವರು ದೀಪದ ಆಣೆ ಆಗಲಿ ಎಂದರು. ನಮ್ಮ ಕಡೆ ಅದರ ಮೇಲೆ ಮಾತಿಲ್ಲ. ತಣ್ಣೀರು ಸುರಿದುಕೊಂಡು ಒದ್ದೆ ಬಟ್ಟೆಯಲ್ಲಿ ಹನುಮಪ್ಪನ ಗುಡಿಯ ಮುಂದೆ ನಿಲ್ಲಬೇಕು. ಹಚ್ಚಿದ ದೀಪದ ಮುಂದೆ ತನ್ನ ಮಾತು ಹೇಳಿ, ಕೈಯಾರೆ ದೀಪ ಆರಿಸಬೇಕು. ಹೇಳಿದ್ದು ಸುಳ್ಳಾದರೆ ವರ್ಷದೊಳಗೆ ಆ ಮನೆಯ ದೀಪ ಆರುತ್ತದೆ, ಮನೆಯ ಮಗು ಉಳಿಯುವುದಿಲ್ಲ. ಮಾಡಿದವನನ್ನು ಮತ್ತೆ ಯಾರೂ ಪ್ರಶ್ನೆ ಮಾಡುವಂತಿಲ್ಲ. ಮೂರು ದಿನ ಸಮಯ ಕೊಟ್ಟರು. ಅಪ್ಪ ಅಲ್ಲಿಯೇ ಆಗುವುದಿಲ್ಲ ಎಂದು ಹೇಳಿ ಬಂದ.

ಆ ಮೂರು ದಿನ ಅವ್ವ ಮೊದಲು ಬೇಡಿಕೊಂಡಳು, ಆಮೇಲೆ ಬೈದಳು, ಆಮೇಲೆ ಅತ್ತಳು. ನಿಜವನ್ನೇ ಹೇಳಲು ಏನು ಅಡ್ಡಿ, ಒಂದು ದೀಪಕ್ಕಾಗಿ ಅನ್ನ ಕಳೆದುಕೊಳ್ಳುತ್ತೀಯಾ ಎಂಬುದು ಅವಳ ಪ್ರಶ್ನೆ. ಅಪ್ಪ ಒಂದಕ್ಕೂ ಸಿಟ್ಟಾಗಲಿಲ್ಲ. ನನ್ನ ಪಾಡು ಯಾರಿಗೂ ಬೇಡ. ಅಪ್ಪ ಆಣೆ ಮಾಡದಿದ್ದರೆ ಕೆಲಸ ಹೋಗುತ್ತದೆ. ಮಾಡಿದರೆ, ಸುಳ್ಳೆಂದು ಗೊತ್ತಿಲ್ಲದೆಯೇ ಸುಳ್ಳು ಆಣೆ ಮಾಡುತ್ತಾನೆ. ದೇವರನ್ನು ಬಿಟ್ಟ ಮನೆಯ ಮಗಳು ನಾನು, ಆದರೂ ದೀಪ ಆರಿದ ಮನೆಯ ಯೋಚನೆ ಬಂದಾಗಲೆಲ್ಲ ಎದ್ದು ಹೋಗಿ ಅವ್ವನ ಗೂಡಿನ ಮುಂದೆ ನಿಲ್ಲುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರಂತೆ. ನನಗೆ ಯಾರೂ ಏನೂ ಅನ್ನದೆಯೇ ಇಡೀ ಮೈ ಮುಟ್ಟಿಕೊಳ್ಳುವಂತಾಗಿತ್ತು.

ಎರಡನೇ ದಿನ ಕಾಲುವೆಯ ಕೊನೆಗೆ ನಡೆದು ಹೋದೆ. ಆ ಹೆಂಗಸು ಸಸಿಮಡಿಯಲ್ಲಿ ಕಳೆ ಕೀಳುತ್ತಿದ್ದಳು. ಸಸಿ ಹಸಿರಾಗಿತ್ತು. ಊರಿನ ಸುದ್ದಿ ಅವಳಿಗೂ ಮುಟ್ಟಿತ್ತು. ನಾನು ಕೇಳುವ ಮೊದಲೇ ಎದ್ದು ನಿಂತು ಕೆಸರು ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಹೇಳಿಬಿಡು ತಂಗಿ. ನಿಮ್ಮಪ್ಪಗ ಹಿಂಗ ಆಗಾಕತ್ತೈತಿ, ನಾ ಹೆಂಗ ಬ್ಯಾಡ ಅನ್ನಲಿ. ಪಾಲು ಹೋದ್ರ ಹೋಗಲಿ, ಕುರಿ ಹಿಂದ ಹೋಗತೀನಿ," ಎಂದಳು.

ಕೊಟ್ಟ ಮಾತಿನಿಂದ ನನ್ನನ್ನು ಬಿಡಿಸಿ ಕಳಿಸಿದಳು. ಏರಿಯ ಮೇಲೆ ಮರಳಿ ಬರುವಾಗ ಇವತ್ತೇ ಅಪ್ಪನಿಗೆ ಹೇಳುತ್ತೇನೆ ಎಂದುಕೊಂಡೆ. ಮನೆಗೆ ಬಂದರೆ ಅಪ್ಪ ಹ್ಯಾಂಡಲ್ಲಿಗೆ ಎಣ್ಣೆ ಹಚ್ಚುತ್ತಿದ್ದ. ಅದನ್ನು ಕೊಟ್ಟು ಕಳಿಸುವ ತಯಾರಿಯೋ, ಇಟ್ಟುಕೊಳ್ಳುವ ಆಸೆಯೋ ತಿಳಿಯಲಿಲ್ಲ. ಎಲ್ಲಿಗೆ ಹೋಗಿದ್ದಿ ಎಂದು ಕೇಳಿದ. ಕಟ್ಟಿಗೆಗೆ ಎಂದೆ. ಬರಿಗೈಯಲ್ಲಿ ಬಂದದ್ದನ್ನು ನೋಡಿಯೂ ಅವನು ಮತ್ತೇನೂ ಕೇಳಲಿಲ್ಲ.

ಮೂರನೇ ದಿನ ಬೆಳಿಗ್ಗೆ ಗುಡಿಯ ಮುಂದಿನ ಬೇವಿನ ಕೆಳಗೆ ಊರೆಲ್ಲ ಸೇರಿತ್ತು. ನಮ್ಮವರು ಗುಡಿಯ ಕಟ್ಟೆ ಹತ್ತುವಂತಿರಲಿಲ್ಲ, ಅದಕ್ಕೆ ದೀಪವನ್ನೇ ಕೆಳಗಿಳಿಸಿ ನೆಲದ ಮೇಲೆ ಇಟ್ಟಿದ್ದರು. ಅಪ್ಪ ಒಣ ಬಟ್ಟೆಯಲ್ಲಿ ಬಂದ. ಅದನ್ನು ಕಂಡೇ ಜನ ಗುಸುಗುಸು ಶುರು ಮಾಡಿದರು. ಮುಟ್ಟಬೇಡ ಎಂದು ಇಷ್ಟು ತಲೆಮಾರು ಹೇಳಿದವರು ಈಗ ಮುಟ್ಟು ಎನ್ನುತ್ತಿದ್ದಾರೆ, ಇವನು ಒಲ್ಲೆ ಎನ್ನುತ್ತಿದ್ದಾನೆ. ಅವರಿಗೆ ಅದು ಸೊಕ್ಕಾಗಿ ಕಂಡಿತು. ದೀಪದ ಆಣೆ ಹೇಳಿದ ಆ ಹಿರಿಯರು ಮಾತ್ರ ಮೆತ್ತಗೆ ಮಾತಾಡಿದರು. ಅವರು ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಾ ನಿನ್ನ ನಂಬೀನಿ. ಊರು ನಂಬಬೇಕಲ್ಲ. ಒಂದು ಮಾತು ಹೇಳಿ ದೀಪ ಆರಿಸು, ಮನಿಗೆ ಹೋಗು," ಎಂದರು.

"ದೀಪಕ್ಕ ಅಂಜಿ ಇವತ್ತ ಖರೇ ಹೇಳಿದ್ರ, ದೀಪ ಇಲ್ಲದಾಗ ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳು ಅಂದಂಗ ಆಕ್ಕೈತ್ರೀ," ಎಂದ ಅಪ್ಪ. "ನನ್ನ ಕಡೆ ಒಂದ ಮಾತೈತಿ. ದಿನಾ ಅದನ್ನ ಹೇಳತೀನಿ, ಇವತ್ತೂ ಅದನ್ನ."

ಧಣಿ ನಕ್ಕ. ಖರೆಯವನಿಗೆ ಇಷ್ಟು ಮಾತು ಯಾಕೆ ಬೇಕು ಎಂದ. ಕೆಲವರು ಹೌದೆಂದರು. ನಾನು ಹೆಂಗಸರ ನಡುವೆ ನಿಂತಿದ್ದೆ. ಈಗ ಹೇಳು, ಈಗ ಹೇಳು ಎಂದು ಒಳಗೆ ಎಣಿಸುತ್ತಿದ್ದೆ. ಆಗ ಅವ್ವ ಮುಂದೆ ಹೋದಳು. ಅವಳ ಸೀರೆಯಿಂದ ನೀರು ಸೋರುತ್ತಿತ್ತು. ಯಾವಾಗ ಮಿಂದು ಬಂದಿದ್ದಳೋ ನಾನು ನೋಡಿರಲಿಲ್ಲ.

"ಅವಗ ಬ್ಯಾಡಾದ್ರ ನಾ ಆರಸ್ತೀನ್ರೀ. ನನ್ನ ದೇವರು ನನಗ ಇನ್ನೂ ಅದಾವ," ಎಂದಳು.

ಹಿರಿಯರು ಒಪ್ಪಿದರು. ಅಪ್ಪ ಬೇಡವೆಂದು ಒಂದು ಹೆಜ್ಜೆ ಇಟ್ಟ, ಅವ್ವ ತಿರುಗಿಯೂ ನೋಡಲಿಲ್ಲ. ದೀಪದ ಮುಂದೆ ಕುಳಿತು ಗಟ್ಟಿಯಾಗಿ ಹೇಳತೊಡಗಿದಳು. ಆ ಗೇಟನ್ನು ನಾನಾಗಲಿ ಮುಟ್ಟಿಲ್ಲ, ನನ್ನ ಗಂಡನಾಗಲಿ ಮುಟ್ಟಿಲ್ಲ, ನನ್ನ ಮಗಳಾಗಲಿ ಎಂದು ಕೈ ಮುಂದೆ ಚಾಚಿದಳು. ಅವಳಿಗೆ ನನ್ನ ಮೇಲೆ ಅಷ್ಟು ನಂಬಿಕೆಯಿತ್ತು. ಆಣೆ ಸುಳ್ಳಾದರೆ ಸಾಯುವವಳು ಮಗಳಾದ ನಾನೇ ಎಂದು ನಂಬಿದವಳು, ನನ್ನ ಹೆಸರು ಹಿಡಿದು ದೀಪ ಆರಿಸಲು ಹೊರಟಿದ್ದಳು.

ನಾನು ಓಡಿಹೋಗಿ ಅವಳ ಮುಂಗೈ ಹಿಡಿದುಕೊಂಡೆ.

ಅವ್ವ ನನ್ನನ್ನು ನೋಡಿದಳು, ಅವಳಿಗೆ ಇನ್ನೂ ತಿಳಿದಿರಲಿಲ್ಲ. ಅಪ್ಪನಿಗೆ ತಿಳಿದಿತ್ತು. ನನ್ನ ಕೈಯನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಸಿಟ್ಟು ಬಂದಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ಬರಲಿಲ್ಲ. ನಾನು ಬಾಯಿ ತೆರೆದೆ. ದನಿ ಹೊರಡಲು ಒಂದು ಉಸಿರಿನಷ್ಟು ಹೊತ್ತು ಹಿಡಿಯಿತು, ಅಷ್ಟರಲ್ಲಿ ಅಪ್ಪ ಹೇಳಿಬಿಟ್ಟ.

"ಬಸ್ಸಿಗೆ ಹೋಗೂ ಮೊದಲ ನಾನ ತೆರೆದಿದ್ದೆ. ಮುಚ್ಚೂದು ಸರಿ ಆಗಲಿಲ್ಲ. ಮೊನ್ನೆ ನಿಮ್ಮ ಮುಂದ ಸುಳ್ಳು ಹೇಳಿದ್ದೆ."

ಧಣಿ ತೊಡೆ ತಟ್ಟಿಕೊಂಡ. ಆಣೆಗೆ ಯಾಕೆ ಹೆದರಿದ ಎಂದು ಈಗ ತಿಳಿಯಿತಲ್ಲ ಎಂದು ನಾಲ್ಕು ಜನ ಒಟ್ಟಿಗೆ ಹೇಳಿದರು. ಬುದ್ಧನ ಹೆಸರನ್ನೂ ಎಳೆದು ತಂದರು. ಹಿರಿಯರು ಮಾತ್ರ ನೀನೂ ಹೀಗೆ ಮಾಡಿದೆಯಲ್ಲೋ ಎಂದಷ್ಟೇ ಅಂದರು. ಅದು ಅಪ್ಪನಿಗೆ ಬೈಗುಳಕ್ಕಿಂತ ಹೆಚ್ಚು ತಾಗಿತು, ಕಿವಿಯ ಬುಡ ಕೆಂಪಾಗಿದ್ದು ನನಗೆ ಕಂಡಿತು. ನಾನು ಅವ್ವನ ಕೈ ಹಿಡಿದುಕೊಂಡೇ ನಿಂತಿದ್ದೆ. ತೆರೆದ ಬಾಯಿ ಮುಚ್ಚಿಕೊಂಡಿದ್ದೆ. ಅಪ್ಪ ಮನೆಗೆ ಹೋಗಿ ಹ್ಯಾಂಡಲ್ಲು ತಂದು, ದೀಪದಿಂದ ಸ್ವಲ್ಪ ದೂರದಲ್ಲಿ ಇಟ್ಟ.

ಮನೆಯಲ್ಲಿ ಅವ್ವನಿಗೆ ನಾನೇ ಹೇಳಿದೆ. ಅವಳು ಹೊಡೆಯಲಿಲ್ಲ. ಗೂಡಿನ ಮುಂದೆ ಹೋಗಿ ಗೋಡೆಗೆ ತಲೆ ಆನಿಸಿ ಕುಳಿತಳು. ಆ ದಿನ ಅಪ್ಪನ ಮುಂದೆ ಹೋಗಲು ನನಗೆ ಮುಖವಿರಲಿಲ್ಲ.

ಮರುದಿನ ಬೆಳಿಗ್ಗೆ ತಲೆ ಬಾಚಿಕೊಂಡು ಹಿರಿಯರ ಮನೆಗೆ ಹೊರಟೆ. ಅಪ್ಪ ಹೊಸ್ತಿಲ ಮೇಲೆ ಕುಳಿತಿದ್ದ, ದಾಟಬೇಕಾದರೆ ಅವನು ಏಳಬೇಕಿತ್ತು. ಎಲ್ಲಿಗೆ ಎಂದು ಕೇಳಲಿಲ್ಲ.

"ಈಗ ಹೋಗಿ ಹೇಳಿದ್ರ ಇಬ್ರೂ ಸುಳ್ಳರು ಅನ್ನಿಸಿಕೋತೀವಿ. ಮನಿಗೆ ಒಬ್ಬ ಸಾಕು. ನೀ ಇನ್ನೂ ಒಂದ ಮನಿಗೆ ಹೋಗಾಕಿ," ಎಂದ.

ಆಮೇಲೆ ಎದ್ದು ದಾರಿ ಬಿಟ್ಟ. ಅದನ್ನು ನಾನು ಮರೆಯಬಾರದು. ಅಪ್ಪ ನನ್ನನ್ನು ತಡೆಯಲಿಲ್ಲ, ದಾರಿ ಬಿಟ್ಟು ಪಕ್ಕಕ್ಕೆ ನಿಂತ.

ನಾನು ಹೋಗಲಿಲ್ಲ. ಅಪ್ಪ ಲಿಂಗಸುಗೂರಿನ ಕಡೆ ರಸ್ತೆ ಕೆಲಸಕ್ಕೆ ಹೋದ, ಊರ ನಡುವಿನ ದಾರಿಯಲ್ಲಿ ಓಡಾಡುವುದನ್ನು ಬಿಟ್ಟ. ಯಾರೂ ಅವನನ್ನು ಹರಿಶ್ಚಂದ್ರ ಎಂದು ಕರೆಯಲಿಲ್ಲ. ಎಮ್ಮೆಯ ವಯಸ್ಸು ಕೇಳಲೂ ಬರಲಿಲ್ಲ. ಅಪ್ಪನ ಮಾತಿಗೆ ಮರ್ಯಾದೆ ಕೊಟ್ಟು ಸುಮ್ಮನಿದ್ದೇನೆ ಎಂದು ಬಹಳ ವರ್ಷ ಅಂದುಕೊಂಡಿದ್ದೆ, ನನ್ನ ಮಕ್ಕಳಿಗೆ ಸತ್ಯ ಹೇಳಿರಿ ಎಂದು ಬುದ್ಧಿ ಹೇಳುವಾಗಲೂ ಹಾಗೆಯೇ ಅಂದುಕೊಂಡಿದ್ದೆ. ಅದು ಮರ್ಯಾದೆ ಆಗಿರಲಿಲ್ಲ. ನನಗೆ ಹೆದರಿಕೆಯಾಗಿತ್ತು. ಅಪ್ಪನಿಗೆ ಅದು ಗೊತ್ತಿತ್ತು, ಅದಕ್ಕೇ ನನ್ನ ಹೆದರಿಕೆಗೆ ಒಂದು ಒಳ್ಳೆಯ ಹೆಸರು ಕೊಟ್ಟು ಕೆಲಸಕ್ಕೆ ಹೋದ.