ಅವ್ವನ ಏಳನೇ ಮಷಿನ್

ಬಾಗೇವಾಡಿಯ ಹೊರವಲಯದಲ್ಲಿದ್ದ ಹತ್ತಿ ಜಿನ್ ಮುಚ್ಚಿ ಎಷ್ಟೋ ವರ್ಷಗಳಾದವು. ನಮ್ಮ ಮನೆಯಲ್ಲಿ ಮಾತ್ರ ಅದು ಮುಚ್ಚಿಯೇ ಇಲ್ಲ. ಬೆಳಿಗ್ಗೆ ಎಂಟಾದರೆ, ಜಿನ್ನಿನ ಸೈರನ್ ಕೂಗುತ್ತಿದ್ದ ಆ ಹೊತ್ತಿಗೆ, ಅವ್ವ ಈಗಲೂ "ಭೋಂಗಾ ಹೊಡಿಯೂ ಹೊತ್ತಾತು, ಏಳ" ಎಂದೇ ಎಬ್ಬಿಸುತ್ತಾಳೆ. ಹತ್ತಿಯಿಂದ ಕಾಳು ಬಿಡಿಸುವ ಆ ಕಾರ್ಖಾನೆಯಲ್ಲಿ ಹತ್ತೊಂಬತ್ತು ಸುಗ್ಗಿ ಕೂತು ಅವಳು ನನ್ನನ್ನು ಓದಿಸಿದಳು, ಮಕ್ಕಳಿಗೆ ಕಲಿಸುವ ಸಾಲಿ ಅಕ್ಕಾರನ್ನಾಗಿ ಮಾಡಿದಳು. ಸಂಜೆ ಮನೆಗೆ ಬಂದಾಗ ಅವಳ ಹುಬ್ಬು, ಕೂದಲು ಎಲ್ಲ ಬೆಳ್ಳಗಿರುತ್ತಿದ್ದವು. ನಾನು ಹಿಂದೆ ಕೂತು ಅವಳ ತಲೆಯಿಂದ ಅರಳೆ ಹೆಕ್ಕುತ್ತಿದ್ದೆ. ಆ ಕಾಲದ ಒಂದೇ ಒಂದು ಫೋಟೋವೂ ನಮ್ಮಲ್ಲಿಲ್ಲ.

ಹೋದ ಬೇಸಿಗೆಯಲ್ಲಿ ಸುದ್ದಿ ಬಂತು: ಜಿನ್ನಿನ ಜಾಗ ಪ್ಲಾಟ್ ಆಗುತ್ತದೆ, ಮಷಿನ್‌ಗಳು ಗುಜರಿಗೆ ಹೋಗುತ್ತವೆ. ಒಮ್ಮೆ ನೋಡಿ ಬರೋಣ ನಡಿ ಎಂದು ಅವ್ವನನ್ನು ಕರೆದೆ.

"ನಾ ಒಲ್ಲೆ. ಗಡಗಡ ಅನ್ನೂ ಜಿನ್ ನೋಡೀನಿ, ಸತ್ತ ಜಿನ್ ಯಾಕ ನೋಡ್ಲಿ?" ಎಂದಳು. ಸ್ವಲ್ಪ ಹೊತ್ತಿಗೆ ತಾನಾಗಿಯೇ ಮಾತು ತೆಗೆದಳು. "ನನ್ನ ಮಷಿನ್‌ದೊಂದು ಫೋಟೋ ಹೊಡಕೊಂಡು ಬಾ. ಏಳನೇದು. ನಾ ಎಲ್ಲಿ ಕೂಡ್ತಿದ್ನಿ ಅಂತ ಒಮ್ಮೆ ಕಣ್ತುಂಬ ನೋಡಬೇಕು."

ಬಾಯಿಬಿಟ್ಟು ಏನನ್ನೂ ಕೇಳುವ ಪೈಕಿ ಅಲ್ಲ ನಮ್ಮವ್ವ. ಹಾಗಾಗಿ ಆ ಭಾನುವಾರ ಮೊಬೈಲ್ ಪೂರ್ತಿ ಚಾರ್ಜ್ ಮಾಡಿಕೊಂಡು ಹೊರಟೆ.

"ಲಗೂನ ಮುಗಸ್ರಿ ಅಕ್ಕಾರ, ನಾಳೆ ಲಾರಿ ಬರತೈತಿ" ಎನ್ನುತ್ತ ಕಾವಲುಗಾರ ಬೀಗ ತೆಗೆದ. ಒಳಗೆ ತಗಡು ಹಾರಿಹೋದ ಕಡೆಯೆಲ್ಲ ಬಿಸಿಲು ಬಿದ್ದಿತ್ತು. ತೊಲೆಗಳಿಗೆ ಹಳೆಯ ಅರಳೆ ಜೇಡರ ಬಲೆಯೊಂದಿಗೆ ಸೇರಿ ಜೋತುಬಿದ್ದಿತ್ತು. ಹತ್ತಿಕಾಳಿನ ಆ ಎಣ್ಣೆವಾಸನೆ ಇನ್ನೂ ಇತ್ತು, ಅವ್ವನ ಸೆರಗಿನ ವಾಸನೆ. ಒಂದೇ ಸಾಲಿನಲ್ಲಿ ಹನ್ನೆರಡು ಮಷಿನ್. ನಂಬರಿನ ಫಲಕಗಳನ್ನು ಯಾರೋ ಕಿತ್ತೊಯ್ದಿದ್ದರು. ಬಾಗಿಲಿನಿಂದ ಎಣಿಸಿದೆ. ಏಳನೆಯದರ ಮುಂದಿನ ಕೂಡುವ ಹಲಗೆ ನಡುವೆ ಸವೆದು ತಗ್ಗಾಗಿತ್ತು. ಅದನ್ನು ಸವರಿ ಚೆನ್ನಾಗಿ ಅತ್ತೆ, ಸುಳ್ಳೇಕೆ ಹೇಳಲಿ. ಆಮೇಲೆ ಮೂಗು ಒರೆಸಿಕೊಂಡು ದೊಡ್ಡ ಫೋಟೋಗ್ರಾಫರ್ ಹಾಗೆ ಕೂತು, ನಿಂತು, ಬಗ್ಗಿ ಫೋಟೋ ತೆಗೆದೆ. ಈ ಮಷಿನ್ ಒಂದೇ ಎದ್ದು ಕಾಣಲಿ ಎಂದು ಅಕ್ಕಪಕ್ಕದ್ದೆಲ್ಲ ಮಸುಕಾಗುವಂತೆ ಮಾಡಿದೆ.

ಮನೆಗೆ ಬಂದು ಮೊಬೈಲ್ ಕೈಗಿಟ್ಟೆ. ಅವ್ವ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಇದು ನಂದಲ್ಲ."

"ಏಳನೇದ ಐತಿ. ಎರಡ ಸಲ ಎಣಸೇನಿ."

"ಎಲ್ಲಿಂದ ಎಣಸಿದಿ?"

"ಬಾಗಲದಿಂದ."

"ಚಪ್ಲಿ ಬಿಡೂ ಕಡಿಂದ ಯಾರರೆ ಎಣಸ್ತಾರೇನ? ದೇವರ ಕಡಿಂದ ಎಣಸಬೇಕು!"

ಬಾಗಿಲಿನ ಎದುರು ತುದಿಯ ಒಳಗೋಡೆಯಲ್ಲಿ ಲಕ್ಷ್ಮಿಯ ಫೋಟೋ ಇರುತ್ತಿತ್ತಂತೆ. ಹೆಂಗಸರು ಅದಕ್ಕೆ ಕೈಮುಗಿದು ಕುಂಕುಮ ಹಚ್ಚಿಕೊಂಡೇ ಕೆಲಸಕ್ಕೆ ಕೂಡುತ್ತಿದ್ದರು. ದೇವರ ಪಕ್ಕದ್ದು ಒಂದನೆಯದು. ಆ ಗೋಡೆಯಲ್ಲಿ ಬರೀ ಮೊಳೆ ಉಳಿದದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. ಕಂಡು ಏನು ಬಂತು? ಆ ಲೆಕ್ಕದಲ್ಲಿ ನಾನು ತೆಗೆದದ್ದು ಆರನೆಯದು. ಅದು ಅವ್ವನ ಗೆಳತಿಯದು.

ಅವ್ವ ಫೋಟೋದ ಅಂಚಿಗೆ ಬೆರಳಿಟ್ಟಳು. "ಇದು ನಂದು. ಇದಕ್ಯಾಕ ಮಂಜು ಕವದೈತಿ?"

ಮಂಜು ಕವಿಸಿದವಳು ನಾನೇ. ಮೊದಲೇ ಹೇಳಬಾರದಿತ್ತೇನು ಎಂದು ಅವಳ ಮೇಲೆಯೇ ರೇಗಿದೆ. "ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತ ಸುಮ್ನ ಅಂದಾರೇನ?" ಎಂದು ನಕ್ಕಳು. ನಗು ಕಣ್ಣಿನವರೆಗೆ ಬರಲಿಲ್ಲ.

ಮರುದಿನ ಸಾಲಿಗಿಂತ ಮುಂಚೆ ಜಿನ್ನಿಗೆ ಓಡಿದೆ. ಲಾರಿ ಆಗಲೇ ಹೋಗಿತ್ತು. ನೆಲದಲ್ಲಿ ಬೋಲ್ಟಿನ ತೂತುಗಳಿದ್ದವು. ಅವುಗಳ ಫೋಟೋ ತೆಗೆಯಲು ನನಗೆ ಮುಖವಿರಲಿಲ್ಲ. ಹತ್ತೊಂಬತ್ತು ಸುಗ್ಗಿ ದುಡಿದವಳು ಕೇಳಿದ್ದು ಒಂದು ಫೋಟೋ, ಅದನ್ನೂ ನಾನು ಕೆಡಿಸಿದ್ದೆ.

ಅವ್ವ ಬೈಯಲಿಲ್ಲ. "ಆಕಿದರೆ ಉಳೀತಲ್ಲ. ದೊಡ್ಡದು ಮಾಡ್ಸು, ಕೊಟ್ಟು ಬರೂಣು" ಎಂದಳು. ಆ ಗೆಳತಿ ಈಗ ಯಂಕಂಚಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ನಾನು ಚಿಕ್ಕಂದಿನಿಂದ ಮೌಶಿ ಎಂದೇ ಕರೆದವಳು. ಮುಂದಿನ ಭಾನುವಾರ ಅವಳ ಊರಿಗೆ ಹೋಗಲು ಸಿಂದಗಿ ಬಸ್ ಹಿಡಿದೆವು.

ಮನೆ ಮುಂದಿನ ಕಟ್ಟೆಯ ಮೇಲೆ ಕೂತಿದ್ದ ಮೌಶಿ ಫೋಟೋ ನೋಡಿದ್ದೇ "ಏ, ನಂದಿದು!" ಎಂದು ಎದೆಗೆ ಹಿಡಿದುಕೊಂಡಳು. ಆಮೇಲೆ ಅವ್ವನನ್ನು ಕೇಳಿದಳು, "ನಿಂದೆಲ್ಲೈತಿ?"

"ಹೋತು" ಎಂದಳು ಅವ್ವ.

ನಾನು ತಲೆ ತಗ್ಗಿಸಿ ನಡೆದದ್ದನ್ನೆಲ್ಲ ಹೇಳಿದೆ. ಮೌಶಿ ನಗಲಿಲ್ಲ. ಫೋಟೋ ಬದಿಗಿಟ್ಟು, ಕಟ್ಟೆಯ ಮೇಲೆ ಒಂದಿಷ್ಟು ಸರಿದಳು. "ಬಾ ಇಲ್ಲೆ. ನೀ ನನ್ನ ಎಡಕ್ಕ ಕೂಡ್ತಿದ್ದಿ."

ಅವ್ವ ಹೋಗಿ ಎಡಕ್ಕೆ ಕೂತಳು. ಮಷಿನ್ನಿನ ತಿರುಗುವ ರೂಲಿಗೆ ಸಿಗಬಾರದೆಂದು ಆಗ ಮಾಡುತ್ತಿದ್ದಂತೆ ಬಳೆಗಳನ್ನು ಮೊಳಕೈವರೆಗೆ ಏರಿಸಿದಳು, ಸೆರಗು ಸಿಕ್ಕಿಸಿದಳು, ಎರಡೂ ಕೈ ಮುಂದಕ್ಕೆ ಚಾಚಿದಳು. ಮೌಶಿಯೂ ಚಾಚಿದಳು. ಇಬ್ಬರ ಮೊಳಕೈಗಳು ತಾಗಿದ್ದವು.

"ಹೂಂ, ಹೊಡಿ ಈಗ" ಎಂದಳು ಮೌಶಿ.

ಹೊಡೆದೆ. ಆ ಫೋಟೋದಲ್ಲಿರುವುದು ಯಂಕಂಚಿಯ ಕಟ್ಟೆ, ಎರಡು ಮುದುಕಿಯರು, ಹಿಂದೆ ಒಣಹಾಕಿದ ಕೌದಿ. ಮನೆಗೆ ಯಾರೇ ಬಂದರೂ ಅವ್ವ ಅದನ್ನು ತೋರಿಸಿ ಹೇಳುತ್ತಾಳೆ: "ನೋಡ್ರಿ, ಇದು ನಾ ಜಿನ್ನಿನ್ಯಾಗ ಕೂತದ್ದು."